ಸಿರಿಲ್ ಟ್ರಾಂಟರ್‌ನ ರೇಡಿಯೇಟರಿನೊಳಗಿನ ಮೊಟ್ಟೆ

ಸಿರಿಲ್ ಟ್ರಾಂಟರ್ ಇಂಗ್ಲೆಂಡಿನ ಕವೆಂಟ್ರಿಯ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಹಳೆ ಕಾರುಗಳ ಸಂಘದಲ್ಲಿ ಯಾರು ತಪ್ಪು ಬೋಲ್ಟ್ ಹಾಕಿದ್ದಾರೆ, ಯಾರು ತುಕ್ಕಿನ ಮೇಲೆ ಬಣ್ಣ ಬಳಿದಿದ್ದಾರೆ ಎಂದು ಹುಡುಕಿ ತೆಗೆಯುವುದೇ ಅವನ ಭಾನುವಾರದ ಸುಖ. ಅವನದೂ ಒಂದು ಕಾರಿತ್ತು, ಎರಡೇ ಸೀಟಿನ ಹಸಿರು ಎಂ.ಜಿ. ಅದನ್ನು ಒರೆಸಿದ್ದರಲ್ಲಿ ಅರ್ಧದಷ್ಟು ಮನೆಯ ಕಿಟಕಿ ಒರೆಸಿದ್ದರೂ ಹೆಂಡತಿ ಈನಿಡ್ ಖುಷಿಪಡುತ್ತಿದ್ದಳು.

ಆ ವರ್ಷದ ಮೊದಲ ಕೂಟದಲ್ಲಿ ಎಮ್ರಿಸ್ ಪ್ರೋಬರ್ಟ್‌ನ ಕಾರು ಹುಲ್ಲಿನ ಮೇಲೆ ನೀರು ಸುರಿಸುತ್ತ ನಿಂತಿತು. ಎಮ್ರಿಸ್ ವೇಲ್ಸ್ ಕಡೆಯವನು, ಮಿತಭಾಷಿ, ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದವನು. ಹಳೆ ರೇಡಿಯೇಟರ್ ಬಿಚ್ಚಿ ಹೊಸದಾಗಿ ಕಟ್ಟಿಕೊಡುವುದು ಅವನ ಕಸುಬು. ಅವನ ಕಾರೇ ಸೋರಿದರೆ ಸಿರಿಲ್ ಬಿಡುತ್ತಾನೆಯೇ? ಮುಚ್ಚಳ ತೆಗೆದು ಬೆರಳು ಇಳಿಸಿದ. ತುದಿಗೆ ಬೆಂದ ಮೊಟ್ಟೆಯ ಬಿಳಿ ಚೂರು ಬಂತು. ನಡುದಾರಿಯಲ್ಲಿ ರೇಡಿಯೇಟರ್ ಸೋರಿದರೆ ಹಸಿ ಮೊಟ್ಟೆ ಒಡೆದು ಹಾಕುವುದು ಹಳಬರ ಉಪಾಯ. ಅದು ಬಿಸಿನೀರಿನಲ್ಲಿ ಬೆಂದು ತೂತಿಗೆ ಅಂಟಿಕೊಂಡು ಹೇಗೋ ಮನೆ ಮುಟ್ಟಿಸುತ್ತದೆ, ಆಮೇಲೆ ಕೊಳವೆಗಳನ್ನೆಲ್ಲ ಕಟ್ಟಿಹಾಕುತ್ತದೆ. ಸಂಘದಲ್ಲಿ ಹಾಗೆ ಮಾಡಿದೆನೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ.

"ನೋಡ್ರಪ್ಪಾ," ಎಂದು ಸಿರಿಲ್ ಬೆರಳೆತ್ತಿ ತೋರಿಸಿದ. "ಊರಿಗೆಲ್ಲ ರೇಡಿಯೇಟರ್ ಕಟ್ಕೊಡೋನು ತನ್ನದಕ್ಕೆ ಮೊಟ್ಟೆ ಒಡ್ದಿದಾನೆ. ಇನ್ಮೇಲೆ ಇವನು ಆಮ್ಲೆಟ್ ಪ್ರೋಬರ್ಟ್."

ಎಲ್ಲರೂ ನಕ್ಕರು. ಸಿರಿಲ್ ಬೆರಳನ್ನು ಹುಲ್ಲಿಗೆ ಒರೆಸಿಕೊಂಡ. ಎಮ್ರಿಸ್ ಮುಚ್ಚಳ ತಿರುಗಿಸಿ ಹೊರಟುಹೋದವನು ಸಂಘದ ಕಡೆ ಮತ್ತೆ ತಲೆ ಹಾಕಲಿಲ್ಲ. ಹೆಸರು ಮಾತ್ರ ಉಳಿದುಕೊಂಡಿತು.

ಬೇಸಿಗೆಯಲ್ಲಿ ಸಂಘದವರೆಲ್ಲ ಎಜ್‌ಹಿಲ್ ಕಡೆ ಸುತ್ತಾಡಲು ಹೊರಟಾಗ ಎಲ್ಲರಿಗಿಂತ ಮುಂದಿದ್ದ ಸಿರಿಲ್‌ನ ಕಾರು ಏರಿನಲ್ಲಿ ಹಬೆ ಉಗುಳಿತು. ರೇಡಿಯೇಟರ್ ತೂತು ಬಿದ್ದಿತ್ತು. ಉಳಿದವರು ಇನ್ನೇನು ಬಂದುಬಿಡುತ್ತಾರೆ. ಈನಿಡ್‌ಳ ತೊಡೆಯ ಮೇಲೆ ದಾರಿಯಲ್ಲೊಂದು ತೋಟದ ಮನೆಯಲ್ಲಿ ಕೊಂಡ ಮೊಟ್ಟೆಯ ಡಬ್ಬಿಯಿತ್ತು.

"ಒಂದು ಮೊಟ್ಟೆ ಕೊಡು."

"ಯಾಕೆ, ಹಸಿವಾಯ್ತಾ?"

"ಕೊಡೇ ಸುಮ್ನೆ, ಅವರೆಲ್ಲ ಬರೋದ್ರೊಳಗೆ."

"ಎಮ್ರಿಸ್‌ಗೆ ಏನೋ ಹೆಸರಿಟ್ಟಿದ್ಯಲ್ಲ, ಏನದು?" ಎಂದಳು ಈನಿಡ್, ಮೊಟ್ಟೆ ಕೈಗಿಡುತ್ತ. ಸಿರಿಲ್ ಬಟ್ಟೆ ಸುತ್ತಿ ಮುಚ್ಚಳ ಬಿಚ್ಚಿ, ಮೊಟ್ಟೆ ಒಡೆದು, ಸಿಪ್ಪೆಯನ್ನು ಬೇಲಿಯಾಚೆ ಎಸೆದ.

ಎಲೆ ಉದುರುವ ಹೊತ್ತಿಗೆ ಕಾರು ಮೂಲೆಯ ಅಂಗಡಿಗೆ ಹೋಗಿಬರುವಷ್ಟರಲ್ಲೇ ಕುದಿಯತೊಡಗಿತು. ಸಿರಿಲ್ ರೇಡಿಯೇಟರ್ ಕಳಚಿ, ಸ್ನಾನದ ತೊಟ್ಟಿಯಲ್ಲಿಟ್ಟು, ಬಟ್ಟೆ ಒಗೆಯುವ ಸೋಡಾ ಹಾಕಿ ತೊಳೆದ. ಕೊಳವೆಯ ಕಟ್ಟು ಬಿಡಲಿಲ್ಲ, ತೊಟ್ಟಿ ಹಾಳಾಯಿತು. ಅಂಥ ಹಳೆಯದನ್ನು ಬಿಚ್ಚಿ ಕಟ್ಟಬಲ್ಲವನು ಆ ಸುತ್ತಿನಲ್ಲಿ ಎಮ್ರಿಸ್ ಒಬ್ಬನೇ. ಕೊನೆಗೆ ಅದನ್ನು ಕಂಬಳಿಯಲ್ಲಿ ಸುತ್ತಿ ಎಮ್ರಿಸ್‌ನ ಷೆಡ್ಡಿಗೆ ಬಸ್ ಹತ್ತಿದ. ಟಿಕೆಟ್ ಇಲ್ಲದವರ ಮುಖ ಅವನು ಬೇಕಾದಷ್ಟು ನೋಡಿದ್ದ. ಟಿಕೆಟ್ ಜೇಬಿನಲ್ಲಿದ್ದರೂ ಅವತ್ತು ತನ್ನ ಮುಖ ಹಾಗೇ ಇದೆ ಅನ್ನಿಸಿತು.

"ಸೋರ್ತಿದ್ಯಾ, ಕಟ್ಕೊಂಡಿದ್ಯಾ?" ಎಮ್ರಿಸ್ ಕೇಳಿದ.

"ಕಟ್ಕೊಂಡಿದೆ. ನೀರಿನ ಸುಣ್ಣ ಇರ್ಬೇಕು."

ಎಮ್ರಿಸ್ ಬೆಂಕಿ ಹಿಡಿದು ಬೆಸುಗೆ ಕರಗಿಸಿ ರೇಡಿಯೇಟರಿನ ಮೇಲಿನ ತೊಟ್ಟಿ ಎತ್ತಿದ. ಕೊಳೆತ ಮೊಟ್ಟೆಯ ನಾತ ಷೆಡ್ಡಿನ ತುಂಬ ಹರಡಿತು. ಅಷ್ಟರಲ್ಲಿ ಬಾಗಿಲಲ್ಲಿ ರೋಲಂಡ್ ಕಾಣಿಸಿಕೊಂಡ. ಸಂಘದ ಕಾರ್ಯದರ್ಶಿ, ಕೇಳಿದ್ದನ್ನು ಸಾಯಂಕಾಲದೊಳಗೆ ಊರಿಗೆಲ್ಲ ಹಂಚುವವನು.

"ಏನಯ್ಯಾ ಆಮ್ಲೆಟ್, ಏನಿದು ವಾಸನೆ? ಯಾರ್ದು ಈ ರೇಡಿಯೇಟರು?"

ಎಮ್ರಿಸ್ ತೊಟ್ಟಿಯನ್ನು ಮೆಲ್ಲಗೆ ಬೋರಲು ಹಾಕಿದ. "ಸಿರಿಲ್‌ದು. ಸುಣ್ಣ ಕಟ್ಟಿದೆ. ವಾಸನೆ ನನ್ನ ಚರಂಡೀದು."

ನೆಲ ಬಾಯಿಬಿಟ್ಟಿದ್ದರೆ ಸಿರಿಲ್ ಇಳಿದುಬಿಡುತ್ತಿದ್ದ. ರೋಲಂಡ್ ಹೋದ ಮೇಲೆ ಸಿರಿಲ್ ಷೆಡ್ಡಿನ ಬಾಗಿಲು ಮುಂದೆ ಮಾಡಿ ಬಂದ.

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿ ಏನಾಗ್ಬೇಕು?" ಎಮ್ರಿಸ್ ಕೊಳವೆಗಳನ್ನು ಕೆರೆಯುತ್ತಲೇ ಇದ್ದ. "ನನ್ನ ಕಾರಿಗೆ ಮೊಟ್ಟೆ ಒಡ್ದೋಳು ನನ್ನ ಹೆಂಡ್ತಿ ಓಲ್ವೆನ್. ಆಸ್ಪತ್ರೆ ಸೇರೋಕೆ ಮುಂಚೆ ಒಂದು ಸುತ್ತು ಹೋಗ್ಬರೋಣ ಅಂದ್ಳು. ದಾರೀಲಿ ಸೋರ್ತು. ಬೇಡ ಕಣೇ ಅಂದ್ರೂ ಕೇಳ್ಲಿಲ್ಲ. ಒಡೆದು ಹಾಕಿ ಮನೆ ಬರೋವರೆಗೂ ನಗ್ತಾನೇ ಇದ್ಳು. ಅವಳು ಹೋದ್ಮೇಲೆ ಆ ರೇಡಿಯೇಟರ್ ಬಿಚ್ಚೋಕೆ ನಂಗೆ ಕೈ ಬರ್ಲಿಲ್ಲ."

ಸಿರಿಲ್‌ಗೆ ತಾನು ಹುಲ್ಲಿಗೆ ಒರೆಸಿದ ಆ ಬಿಳಿ ಚೂರು ನೆನಪಾಯಿತು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿದ.

"ನಂಗೆ ಗೊತ್ತಿರ್ಲಿಲ್ಲ ಎಮ್ರಿಸ್."

"ಕೇಳಿದ್ರೆ ಗೊತ್ತಾಗ್ತಿತ್ತು," ಎಂದ ಎಮ್ರಿಸ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಿರಿಲ್‌ಗೆ ಎಷ್ಟೋ ಹಗುರಾಗುತ್ತಿತ್ತು.

ಹೊಸ ಕೊಳವೆಗಳನ್ನು ಬೆಸೆದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಮುಂದಿನ ಸಭೆಯಲ್ಲಿ ರೋಲಂಡ್, "ಆಮ್ಲೆಟ್ ಚೆನ್ನಾಗಿ ಕಟ್ಕೊಟ್ನಾ?" ಎಂದು ಕೇಳಿದ. ಸಿರಿಲ್ ಎದ್ದು ನಿಂತ.

"ಅವನನ್ನ ಹಾಗೆ ಕರೀಬೇಡಿ. ನನ್ನದ್ರಲ್ಲಿ ಇದ್ದದ್ದು ಸುಣ್ಣ ಅಲ್ಲ, ಮೊಟ್ಟೆ. ನಾನೇ ಒಡೆದದ್ದು."

ಮೇಜು ಕುಟ್ಟಿ ನಕ್ಕರು. "ಹಾಗಾದ್ರೆ ಇಬ್ರೂ ಒಂದೇ," ಎಂದ ರೋಲಂಡ್.

"ಅಲ್ಲ. ಅವನದು ಬೇರೆ." ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಸಿರಿಲ್ ಹೇಳಲಿಲ್ಲ. ಓಲ್ವೆನ್‌ಳ ನಗುವನ್ನು ಆ ಮೇಜಿನ ಮೇಲೆ ಇಡಲು ಅವನಿಗೆ ಮನಸ್ಸು ಬರಲಿಲ್ಲ.

ಅವತ್ತಿನಿಂದ ಆ ಹೆಸರು ಸಿರಿಲ್‌ಗೇ ಅಂಟಿತು, ಆಮ್ಲೆಟ್ ಟ್ರಾಂಟರ್ ಎಂದರೆ ಅವನು ಈಗಲೂ ಓಗೊಡುತ್ತಾನೆ. ಎಮ್ರಿಸ್ ಮಾತ್ರ ಸಂಘಕ್ಕೆ ಮರಳಲಿಲ್ಲ. ಪೇಟೆಯಲ್ಲಿ ಎದುರಾದಾಗ ಹಿಂದಿನಂತೆಯೇ "ಹೇಗಿದೀಯ ಸಿರಿಲ್" ಎನ್ನುತ್ತಾನೆ. ಕಾರಿನವರಲ್ಲಿ ಹಾಗೆ ಹೆಸರು ಹಿಡಿದು ಕರೆಯುವವನು ಈಗ ಅವನೊಬ್ಬನೇ. ಅದಕ್ಕೇ ಸಿರಿಲ್‌ಗೆ ಅವನೆದುರು ತಲೆ ಎತ್ತಲಾಗುವುದಿಲ್ಲ.