ತೆನೆಯ ಮೇಲಿನ ಆಲ್ಬಮ್

ತೋಡಾರಿನ ಚಹಾದಂಗಡಿಯಲ್ಲಿ ಮಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಗೆಳೆಯರು ತುಳುವಿನಲ್ಲಿ ಜಗಳಾಡುತ್ತಿದ್ದರು. ನಡುವೆ ನನ್ನ ಮೆಚ್ಚಿನ ಇಂಗ್ಲಿಷ್ ರಾಕ್ ತಂಡದ ಹೆಸರು ಕೇಳಿಬಂತು. ಈ ಊರಿನಲ್ಲಿ, ಆ ಹೆಸರು! ನಾನೂ ಅವರ ಅಭಿಮಾನಿ ಎಂದೆ. ಕೂಡಲೇ ಇಬ್ಬರೂ ಕನ್ನಡಕ್ಕೆ ಹೊರಳಿ ನನ್ನನ್ನು ತೀರ್ಪುಗಾರನಾಗಿಸಿಕೊಂಡರು.

ಒಬ್ಬರು ದುಬೈಯಿಂದ ರಜೆಯಲ್ಲಿ ಬಂದಿದ್ದ ಇಬ್ರಾಹಿಂ. "ಇತ್ತೀಚಿನ ಆಲ್ಬಮ್ಮುಗಳೇ ಚಂದ ಸಾರ್. ವಯಸ್ಸಾದ ಮೇಲೆ ಅವರ ಸಂಗೀತದಲ್ಲಿ ಒಂದು ಸಮಾಧಾನ ಉಂಟು."

"ಸಮಾಧಾನ ಅಲ್ಲ, ನಿದ್ದೆ," ಎಂದರು ಇನ್ನೊಬ್ಬರು, ಶ್ರೀಧರ. "ಯಕ್ಷಗಾನದಲ್ಲಿ ಭಾಗವತರ ಸ್ವರ ಬಿದ್ದ ಮೇಲೆ ಚೆಂಡೆ ಎಷ್ಟು ಬಡಿದರೇನು ಮಾರಾಯ?"

"ಹೋದ ಸಲ ನಿನಗೆ ಅಂತಲೇ ತಂದ ಅವರ ಹೊಸ ಆಲ್ಬಮ್ಮಿನ ಕ್ಯಾಸೆಟ್ ಎಲ್ಲಿ? ತಾ, ಈಗಲೇ ಹಾಕಿ ಕೇಳುವ."

ಶ್ರೀಧರ ರಸ್ತೆಯಾಚೆಗಿನ ತಮ್ಮ ಗದ್ದೆಯತ್ತ ಕೈ ತೋರಿಸಿದರು. ಬಲಿತ ತೆನೆಗಳ ಮೇಲೆ, ಗೂಟದಿಂದ ಗೂಟಕ್ಕೆ ಬಿಗಿದ ಕ್ಯಾಸೆಟ್ಟಿನ ಕಂದು ಟೇಪು ಬಿಸಿಲಿಗೆ ಮಿನುಗುತ್ತಿತ್ತು. "ಗಿಳಿ ಹತ್ತಿರ ಬರುವುದಿಲ್ಲ," ಎಂದರು ಮೆಲ್ಲಗೆ.

ಆ ಆಲ್ಬಮ್ಮಿಗಾಗಿ ನಾನು ಬೆಂಗಳೂರಿನ ಅಂಗಡಿಗಳನ್ನೆಲ್ಲ ಅಲೆದವನು! ಇಬ್ರಾಹಿಮರ ಮುಖ ಕಪ್ಪಿಟ್ಟಿತು. ಎದ್ದು ರಸ್ತೆ ದಾಟಿ, ಗದ್ದೆಯ ಬದುವಿನ ಮೇಲೆ ನಡೆದುಹೋಗಿ ಟೇಪಿಗೆ ಕಿವಿಯಿಟ್ಟರು. ನಾನೂ ಹಿಂದೆಯೇ ಹೋದೆ. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು.

"ಬಾ ಇಲ್ಲಿ," ಎಂದು ಕೂಗಿದರು. "ಕೇಳಿ ಹೇಳು, ಇದು ನಿದ್ದೆಯಾ?"

ಶ್ರೀಧರ ಹೋಗಿ, ಬಗ್ಗಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಸತ್ಯ ಹೇಳ್ತೇನೆ ಇಬ್ರಾಹಿಂ," ಎಂದರು. "ಕ್ಯಾಸೆಟ್ಟಿನಲ್ಲಿ ಇಷ್ಟು ಚಂದ ಇರಲಿಲ್ಲ."