ಮಾಫಿ ಕೊಡುವ ಸ್ಕೀ

ಕುವೈತಿನ ಆಟದ ಸಾಮಾನಿನ ಅಂಗಡಿಯೊಂದರ ಸ್ಕೀ ವಿಭಾಗದಲ್ಲಿ ನನಗೆ ಕೆಲಸ ಎಂದರೆ ಊರಿನವರು ನಗುತ್ತಿದ್ದರು. ಮರಳಿನ ಮೇಲೆ ಜಾರುತ್ತಾರಾ ಎಂದು ಕೇಳುತ್ತಿದ್ದರು. ಚಳಿಗಾಲದ ರಜೆಗೆ ಯುರೋಪಿಗೋ ಲೆಬನಾನಿಗೋ ಹಿಮದ ಬೆಟ್ಟ ಹುಡುಕಿಕೊಂಡು ಹೋಗುವ ಕುವೈತಿ ಮನೆತನಗಳು ಬೇಕಾದಷ್ಟಿದ್ದವು ಎಂದು ಅವರಿಗೆ ಯಾರು ಹೇಳಬೇಕು. ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಅವರ ಸ್ಕೀಗಳು ನನ್ನ ಮೇಜಿಗೆ ಬರುತ್ತಿದ್ದವು. ಅಂಚಿನ ಉಕ್ಕಿಗೆ ಅರ ಹಾಕುವುದು, ತಳಕ್ಕೆ ಮೇಣ ಕಾಯಿಸಿ ಹಚ್ಚುವುದು, ಬೂಟು ಸಿಕ್ಕಿಸುವ ಕೊಂಡಿ ಕೂರಿಸುವುದು, ಎಲ್ಲ ನಾನೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೈಕಲ್ ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಹಿಮವನ್ನು ಕಣ್ಣಾರೆ ಕಂಡವನಲ್ಲ. ಆದರೆ ಮೇಜಿನ ಮೇಲೆ ಒಂದು ಜೊತೆ ಸ್ಕೀ ಮಲಗಿಸಿದರೆ ಅದರ ಯಜಮಾನನ ಕತೆ ನನಗೆ ಗೊತ್ತಾಗುತ್ತಿತ್ತು. ಬಾಲದ ಅಂಚು ಮಾತ್ರ ಸವೆದಿದ್ದರೆ ಮನುಷ್ಯ ಹೆದರಿ ಹಿಂದಕ್ಕೆ ವಾಲುತ್ತಾನೆ. ತಳದಲ್ಲಿ ಅಡ್ಡಗೀರುಗಳಿದ್ದರೆ ಅವನು ತಿರುಗುವುದಿಲ್ಲ, ಎಳೆದುಕೊಂಡು ಹೋಗುತ್ತಾನೆ. ಹನ್ನೊಂದು ಚಳಿಗಾಲ ನೋಡಿ ನೋಡಿ ಕಲಿತದ್ದು. ಯಾರೂ ಕಲಿಸಿದ್ದಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸ್ಕೀ ವಿಭಾಗದ ಇನ್‌ಚಾರ್ಜ್ ಊರಿಗೆ ಹೋದವನು ಮರಳಲಿಲ್ಲ. ನಮ್ಮ ಮ್ಯಾನೇಜರ್ ಮಂಗಳೂರಿನ ಕ್ರಿಶ್ಚಿಯನರು, ಬಿ.ಕಾಂ. ಓದಿದವರು. ನನಗಿಂತ ಎಂಟು ವರ್ಷ ಚಿಕ್ಕವರಾದರೂ ನನ್ನನ್ನು ನೀನು ಎಂದೇ ಕರೆಯುತ್ತಿದ್ದರು.

"ಈ ಸೀಸನ್ ಗಿರಾಕಿಗಳ ಎದುರು ನೀನೇ ನಿಲ್ಲು ಮಾರಾಯ. ಸರಿ ಹೋದ್ರೆ ಸೆಕ್ಷನ್ ನಿಂಗೇ" ಎಂದರು.

ನನ್ನ ಇಕಾಮಾದಲ್ಲಿ, ಅಂದರೆ ಅಲ್ಲಿರಲು ಕೊಡುವ ಪರವಾನಗಿ ಕಾರ್ಡಿನಲ್ಲಿ, ಹುದ್ದೆ ಕೂಲಿಯಾಳು ಎಂದಿತ್ತು. ಪ್ರತಿ ಸಲ ಆ ಕಾರ್ಡ್ ತೋರಿಸುವಾಗ ಆ ಸಾಲನ್ನು ಬೆರಳಿನಿಂದ ಮುಚ್ಚಿ ತೋರಿಸುತ್ತಿದ್ದೆ. ಇನ್‌ಚಾರ್ಜ್ ಆದರೆ ಅದು ಬದಲಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಸ್ಕೀ ಮಾರುವಾಗ ಹೊಸಬರು ಕಷ್ಟವಲ್ಲ, ಹೇಳಿದ್ದು ಕೇಳುತ್ತಾರೆ. ನುರಿತವರೂ ಕಷ್ಟವಲ್ಲ, ತಮಗೇನು ಬೇಕೆಂದು ಅವರಿಗೆ ಗೊತ್ತು. ಕಷ್ಟ ನಡುವಿನವರದು. ಮೂರು ಸಲ ಬೆಟ್ಟ ಇಳಿದಿರುತ್ತಾರೆ, ಕಣ್ಣು ಮಾತ್ರ ಪಂದ್ಯದವರು ಹಾಕುವ ಬಿರುಸು ಸ್ಕೀಯ ಮೇಲೆ. ಅಂಥವರಿಗೆ ಬೇಕಾದದ್ದು ಬೇರೆ. ಸೊಂಟ ಸಣ್ಣಗೆ, ತಲೆ ಬಾಲ ಅಗಲ ಇರುವಂಥದ್ದು, ಒತ್ತಿದರೆ ಮುಂಭಾಗ ಮೆತ್ತಗೆ ಬಾಗುವಂಥದ್ದು, ನಿಲ್ಲಿಸಿದರೆ ಅವರ ಮೂಗಿಗಿಂತ ಕೆಳಗೇ ಇರುವಂಥದ್ದು. ಕಾಲು ತಪ್ಪಿದರೂ ಅದು ತಿರುವನ್ನು ಬಿಟ್ಟುಕೊಡುವುದಿಲ್ಲ. ಕ್ಯಾಟಲಾಗಿನಲ್ಲಿ ಅಂಥದ್ದಕ್ಕೆ ಫರ್ಗಿವಿಂಗ್ ಎಂದು ಬರೆದಿರುತ್ತಿತ್ತು. ಹಾಗೆಂದರೇನೆಂದು ಮ್ಯಾನೇಜರರನ್ನೇ ಕೇಳಿದ್ದೆ.

"ಅಷ್ಟೂ ಗೊತ್ತಿಲ್ವಾ? ಮಾಫಿ. ಮಾಫಿ ಕೊಡುವಂಥದ್ದು" ಎಂದಿದ್ದರು.

ಡಿಸೆಂಬರಿನಲ್ಲಿ ಅಹ್ಮದಿ ಪಟ್ಟಣದ ಕಡೆಯ ಒಬ್ಬ ಕುವೈತಿ ಎಂಜಿನಿಯರು ಇಬ್ಬರು ದೊಡ್ಡ ಮಕ್ಕಳೊಂದಿಗೆ ಬಂದರು. ಗೋಡೆಯ ಮೇಲಿನ ಅತಿ ಬಿರುಸಾದ ಸ್ಕೀಗೆ ಕೈ ಹಾಕಿದರು. ಅವರ ಹಳೆಯ ಜೊತೆಗೆ ಎರಡು ವರ್ಷದಿಂದ ಮೇಣ ಹಚ್ಚಿದವನು ನಾನು. ಬಾಲದ ಅಂಚು ಮಾತ್ರ ಸವೆದಿದ್ದ ಜೊತೆ ಅದು. ಬಿರುಸು ಸ್ಕೀ ಅವರನ್ನು ಮೊದಲ ದಿನವೇ ಬೀಳಿಸುತ್ತದೆ ಎಂದು ನನಗೆ ಖಾತ್ರಿಯಿತ್ತು. ಮೆತ್ತನೆಯದೊಂದನ್ನು ತಂದು ಅವರ ಮುಂದೆ ನಿಲ್ಲಿಸಿದೆ.

"ಬಾಬಾ, ಇದು ಮಾಫಿ ಸ್ಕೀ" ಎಂದೆ.

ಅವರು ಹುಬ್ಬು ಏರಿಸಿದರು. ಅಲ್ಲಿ ನಮ್ಮಂಥವರ ಮುರುಕು ಅರಬಿಯಲ್ಲಿ ಮಾಫಿ ಎಂದರೆ ಇಲ್ಲ ಎಂದು. ದಿನಕ್ಕೆ ನೂರು ಸಲ ಆಡುವ ಶಬ್ದ, ಆ ಹೊತ್ತಿಗೆ ನೆನಪಾಗಲಿಲ್ಲ.

"ಇಲ್ಲವಾ? ಕೈಯಲ್ಲಿ ಹಿಡಿದುಕೊಂಡೇ ಇಲ್ಲ ಅನ್ನುತ್ತೀಯಲ್ಲ" ಎಂದರು. ಮಕ್ಕಳು ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ತಮಾಷೆಯಲ್ಲಿ ಮುಗಿಯುತ್ತಿತ್ತು. ನಾನು ಸರಿಪಡಿಸಲು ಹೋಗಿ, ಇದು ನಿಮ್ಮನ್ನು ಕ್ಷಮಿಸುತ್ತದೆ ಎಂದು ಒಳ್ಳೆಯ ಅರಬಿಯಲ್ಲೇ ಹೇಳಿದೆ.

ನಗು ನಿಂತಿತು.

"ನನ್ನನ್ನು? ನಾನೇನು ತಪ್ಪು ಮಾಡಿದ್ದೇನೆ?" ಎಂದರು. "ಕ್ಷಮಿಸುವವನು ಅಲ್ಲಾಹು. ಈ ಹಲಗೆಯಲ್ಲ, ನೀನೂ ಅಲ್ಲ."

ಮ್ಯಾನೇಜರ್ ಓಡಿ ಬಂದರು. ಬಿರುಸು ಸ್ಕೀಯನ್ನೇ ಕಟ್ಟಿಸಿ ಕೊಟ್ಟರು. ಆಮೇಲೆ ನನ್ನನ್ನು ಗೋದಾಮಿನ ಮೂಲೆಗೆ ಕರೆದರು.

"ನಿಂಗೆ ಎಂತ ಆಗಿದೆ? ಗಿರಾಕಿಗೆ ಪಾಪಕ್ಷಮೆ ಕೊಡ್ಲಿಕ್ಕೆ ನೀನು ಪಾದ್ರಿಯಾ?"

"ಮಾಫಿ ಅಂತ ನೀವೇ ಹೇಳಿದ್ದು, ಸರ್."

"ನಿಂಗೆ ಹೇಳಿದ್ದು. ಗಿರಾಕಿಗೆ ಹೇಳು ಅಂದೆನಾ? ಹಿಮ ನೋಡದವನನ್ನು ಎದುರು ನಿಲ್ಲಿಸಿದ್ದು ನನ್ನ ತಪ್ಪು."

ಖಲಾಸ್. ಮುಂದಿನ ವಾರ ಲೆಬನಾನಿನ ಒಬ್ಬರು ಇನ್‌ಚಾರ್ಜ್ ಆಗಿ ಬಂದರು. ಚಿಕ್ಕಂದಿನಿಂದ ತಮ್ಮ ಬೆಟ್ಟಗಳಲ್ಲಿ ಜಾರಿದವರು, ಮಾತಿನಲ್ಲಿ ಬೆಣ್ಣೆ. ಕೆಟ್ಟವರೇನಲ್ಲ. ಆದರೆ ತಾವು ಜಾರುವುದು ಬೇರೆ, ಇನ್ನೊಬ್ಬರಿಗೆ ಆರಿಸಿಕೊಡುವುದು ಬೇರೆ. ಗಿರಾಕಿಯನ್ನು ಕೂರಿಸಿ, ಕಾಫಿ ತರಿಸಿ, ನನ್ನ ಮೇಜಿನ ಹತ್ತಿರ ಬರುತ್ತಿದ್ದರು.

"ಹಬೀಬಿ, ಇವರಿಗೆ ಯಾವುದು?"

ನಾನು ಬೆರಳು ತೋರಿಸುತ್ತಿದ್ದೆ. ಅವರು ಹೋಗಿ ಅದನ್ನೇ ಹೇಳುತ್ತಿದ್ದರು. ಗಿರಾಕಿ ತಲೆದೂಗುತ್ತಿದ್ದ.

ಫೆಬ್ರವರಿಯಲ್ಲಿ ಆ ಎಂಜಿನಿಯರು ಮತ್ತೆ ಬಂದರು. ಮೊಣಕಾಲಿಗೆ ಪಟ್ಟಿ ಕಟ್ಟಿತ್ತು. ಲೆಬನಾನಿನವರು ನನ್ನತ್ತ ನೋಡಿದರು. ನಾನು ಅಂದಿನ ಅದೇ ಮೆತ್ತನೆಯ ಸ್ಕೀಯನ್ನು ಕಣ್ಣಲ್ಲೇ ತೋರಿಸಿದೆ. ಇದು ಕಾಲಿಗೆ ಹಗುರ, ಹುಜೂರರಂಥವರಿಗೇ ಮಾಡಿದ್ದು ಎಂದು ಅವರು ಹೇಳಿದರು. ಎಂಜಿನಿಯರು ತೃಪ್ತರಾಗಿ ಅವರ ಕೈ ಕುಲುಕಿದರು. ಡಿಸೆಂಬರಿನಲ್ಲಿ ಕೊಂಡಿದ್ದ ಬಿರುಸು ಜೊತೆಯನ್ನು ನನ್ನ ಕಡೆ ಚಾಚಿ, "ಇದನ್ನು ಒಳಗಿಡು" ಎಂದರು. ನನ್ನ ಮುಖದ ಗುರುತೇ ಅವರಿಗೆ ಇರಲಿಲ್ಲ.

"ನೋಡಿದಿಯಾ? ಹೀಗೆ ಹೇಳ್ಬೇಕು" ಎಂದರು ಮ್ಯಾನೇಜರ್.

ಆ ಸಂಜೆಯೇ ನನ್ನನ್ನು ಊರಾಚೆ ಸುಲೈಬಿಯಾದಲ್ಲಿದ್ದ ದೊಡ್ಡ ಗೋದಾಮಿಗೆ ಹಾಕಿ ಎಂದು ಕೇಳಿದೆ. ಅಲ್ಲಿ ಟ್ರೆಡ್‌ಮಿಲ್ ಪೆಟ್ಟಿಗೆಗಳನ್ನು ಇಳಿಸುವ ಕೆಲಸ. ಇಕಾಮಾದಲ್ಲಿ ಇದ್ದ ಹುದ್ದೆಗೆ ಸರಿಯಾದ ಕೆಲಸ. ಬೇಡ ಎಂದಾರು ಎಂದು ಒಳಗೊಳಗೆ ಕಾದಿದ್ದೆ. ಅವರು ಅಲ್ಲೇ ಸಹಿ ಹಾಕಿದರು.

ಲೆಬನಾನಿನವರು ಗೋದಾಮಿಗೆ ಫೋನ್ ಮಾಡತೊಡಗಿದರು. ಒಬ್ಬ ಹೆಂಗಸು, ಎರಡು ವರ್ಷದ ಅಭ್ಯಾಸ, ಇಷ್ಟು ಎತ್ತರ, ಯಾವುದು ಕೊಡಲಿ? ಮೊದಲ ಸಲ ಹೇಳಿದೆ. ಎರಡನೆಯ ಸಲವೂ ಹೇಳಿದೆ. ಮೂರನೆಯ ಸಲ ಫೋನ್ ಬಡಿದುಕೊಳ್ಳುತ್ತಿದ್ದಾಗ ಪೆಟ್ಟಿಗೆ ಎಣಿಸುತ್ತಾ ನಿಂತೆ. ಅಂದು ಅಂಗಡಿಯಲ್ಲಿ ಕೂತಿದ್ದವರು ಯಾರೋ, ಅವರ ಕಾಲಿಗೆ ಯಾವ ಸ್ಕೀ ಸಿಕ್ಕಿತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಫೋನ್ ಆಮೇಲೆ ಬರುವುದೂ ನಿಂತಿತು.