ಸಂಪಾಜೆಯವರೆಗೆ ಬಂದ ಉಸಿರು

ಪ್ರೇತ, ಪಿಶಾಚಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು ನಾನು. ನಿವೃತ್ತಿಯಾಗುವವರೆಗೂ ಪುತ್ತೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದೆ. ಹುಣಸೆಮರದಲ್ಲಿ ಬೆಳಕು ಕಂಡಿತೆಂದು ಮಕ್ಕಳು ಹೇಳಿದರೆ, ಯಾವ ಬಣ್ಣ, ಎಷ್ಟು ಹೊತ್ತು, ಆಗ ಗಾಳಿ ಇತ್ತೇ ಎಂದು ಕೇಳಿ ಕೇಳಿ ಆ ಬೆಳಕನ್ನು ನಂದಿಸಿಬಿಡುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವೂ ಹಾಗೆಯೇ ಕೆದಕಿ ಕೇಳಿದರೆ ನನಗೆ ಬೇಸರವಿಲ್ಲ. ನಾನೇ ಇಷ್ಟು ವರ್ಷ ಕೇಳಿಕೊಂಡಿದ್ದೇನೆ.

ನನ್ನ ಅಕ್ಕ ಸುಶೀಲ ಸರಕಾರಿ ನರ್ಸ್ ಆಗಿದ್ದಳು. ಹರೆಯದಲ್ಲಿ ಸಂಪಾಜೆ ಘಾಟಿಯ ಮೇಲಿನ ಒಂದು ಹಳ್ಳಿಯಲ್ಲಿ ಕೆಲಸ ಮಾಡಿದವಳು. ಕೊನೆಗಾಲದಲ್ಲಿ ಅವಳ ಶ್ವಾಸಕೋಶ ಕೆಟ್ಟು, ಪುತ್ತೂರು ಪೇಟೆಯ ದರ್ಬೆಯಲ್ಲಿದ್ದ ನಮ್ಮ ಮನೆಯಲ್ಲಿ ಆಕ್ಸಿಜನ್ ಯಂತ್ರದ ಪಕ್ಕದಲ್ಲೇ ಮಲಗಿರಬೇಕಾಯಿತು. ಯಂತ್ರ ಕರೆಂಟಿನಿಂದ ನಡೆಯುವಂಥದ್ದು. ಅದರ ಸಪೂರ ಕೊಳವೆ ಮೂಗಿನಿಂದ ತಪ್ಪಿ ಸ್ವಲ್ಪ ಹೊತ್ತಾದರೂ ಅವಳ ತುಟಿ ನೀಲಿಗಟ್ಟುತ್ತಿತ್ತು.

ಅವಳಿಗೆ ಒಂದೇ ಆಸೆ ಉಳಿದಿತ್ತು. ಆ ಹಳ್ಳಿಗೆ ಒಮ್ಮೆ ಹೋಗಬೇಕು. ಯಾಕೆಂದು ಆಗ ನಮಗೆ ಹೇಳಿರಲಿಲ್ಲ. ನಮ್ಮ ತಮ್ಮ ವಸಂತನಿಗೆ ಅಷ್ಟೇ ಸಾಕಾಯಿತು. ಅವನು ತಿರುಗಾಟದ ಹುಚ್ಚಿನಿಂದ ಒಂದು ಗಾಡಿಮನೆ ಮಾಡಿಸಿಕೊಂಡಿದ್ದ. ಮಂಚ, ಫ್ಯಾನು, ಇನ್ವರ್ಟರ್, ಬ್ಯಾಟರಿ ಎಲ್ಲ ಇದ್ದ ಟ್ರೈಲರ್ ಅದು. ಜೀಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಜೀಪಿನಿಂದ ಒಂದು ವಯರು ಹಿಂದಕ್ಕೆ ಬಂದು, ಎಂಜಿನ್ ಓಡುವಾಗ ಟ್ರೈಲರಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು.

ಆ ವಯರಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಮದುವೆ, ಗೃಹಪ್ರವೇಶ ಮುಗಿದ ಮೇಲೆ ಚಪ್ಪರಕ್ಕೆ ಕಟ್ಟಿದ ದೀಪದ ವಯರನ್ನು ಯಾರೂ ಬಿಸಾಡುವುದಿಲ್ಲ. ಸುರುಳಿ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ. ವಸಂತ ಅದನ್ನೇ ಇಳಿಸಿ ಜೀಪಿನಿಂದ ಟ್ರೈಲರಿಗೆ ಎಳೆದಿದ್ದ. ಅವನ ಹೆಂಡತಿ ಹೊಸತು ತರಲು ಹೇಳಿದಾಗ, "ಮನೆಯಲ್ಲೇ ಉಂಟಲ್ಲ, ಮತ್ತೆ ಹೊಸತು ಎಂತಕ್ಕೆ?" ಎಂದನಂತೆ. ಚಪ್ಪರದ ನಾಲ್ಕು ಬಲ್ಬಿಗೆ ಸಾಕಾಗುವ ವಯರು ಬ್ಯಾಟರಿಯ ಹಸಿವಿಗೆ ಸಾಲುವುದಿಲ್ಲ. ಆ ಸಂಜೆಯವರೆಗೆ ಅದು ನಮಗ್ಯಾರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಮನೆಯ ಕರೆಂಟಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ಹೊರಟೆವು. ಅಕ್ಕ ಟ್ರೈಲರಿನ ಮಂಚದಲ್ಲಿ, ನಾನು ಅವಳ ಕಾಲ ಬುಡದಲ್ಲಿ. ಓಡುವ ಟ್ರೈಲರಿನೊಳಗೆ ಕೂತು ಹೋಗಬಾರದೆಂದು ಗೊತ್ತಿತ್ತು, ಆದರೆ ಅವಳನ್ನು ಒಬ್ಬಳೇ ಬಿಡುವುದು ಹೇಗೆ? ಘಾಟಿ ಏರುವಾಗ ಅವಳಿಗೆ ಆಯಾಸ ಹೆಚ್ಚಾಗಿ, ಜೊತೆಗೆ ತಂದಿದ್ದ ಸಣ್ಣ ಸಿಲಿಂಡರನ್ನೂ ಬಳಸಿ ಮುಗಿಸಿದೆವು. ಮೇಲೆ ಹೋದರೆ ಊರಿಗೇ ಕರೆಂಟಿಲ್ಲ, ಲೈನಿನ ಕೆಲಸವಂತೆ. "ಇಳಿಯುವಾಗ ಜೀಪು ಓಡ್ತದಲ್ಲ, ಚಾರ್ಜ್ ಆಗ್ತದೆ" ಎಂದ ವಸಂತ.

ಅಕ್ಕ ನಮ್ಮನ್ನು ಕರೆದೊಯ್ದದ್ದು ಕಮಲ ಎಂಬ ಹೆಂಗಸಿನ ಮನೆಗೆ. ಟ್ರೈಲರಿನ ಬಾಗಿಲಲ್ಲೇ ಕಮಲನನ್ನು ಕೂರಿಸಿಕೊಂಡು ಮಾತಾಡಿದಳು. ಕಮಲನ ಅಣ್ಣ ಐತಪ್ಪನಿಗೆ ಹರೆಯದಲ್ಲಿ ಹಾವು ಕಚ್ಚಿ ಉಸಿರು ಕಟ್ಟಿತ್ತು. ಅಕ್ಕ ಅವನ ಬಾಯಿಗೆ ರಬ್ಬರಿನ ಗಾಳಿಚೀಲ ಹಿಡಿದು, ಬಾಡಿಗೆ ಜೀಪಿನಲ್ಲಿ ಘಾಟಿಯುದ್ದಕ್ಕೂ ಕೈಯಲ್ಲಿ ಒತ್ತುತ್ತಾ ಸುಳ್ಯದ ಆಸ್ಪತ್ರೆಗೆ ಹೊರಟಿದ್ದಳು. ಒಂದು ಒತ್ತಿಗೆ ಒಂದು ಉಸಿರು.

"ಸಂಪಾಜೆ ಹತ್ತಿರ ನನ್ನ ಕೈ ಸೋತಿತು ಕಮಲ. ಒಮ್ಮೆ ನಿಲ್ಲಿಸಿದೆ. ಮತ್ತೆ ಒತ್ತುವಾಗ ಅವ ಇರ್ಲಿಲ್ಲ. ನಿಮ್ಮಮ್ಮನ ಹತ್ತಿರ ಅದನ್ನು ಹೇಳ್ಲಿಲ್ಲ ನಾನು."

ಕಮಲ ಮಂಚದ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ, "ಅಷ್ಟು ದೂರ ಒತ್ತಿದ್ದೀರಲ್ಲ ಅಕ್ಕ. ಯಾರು ಮಾಡ್ತಾರೆ?" ಎಂದು ಅವಳ ಕೈಹಿಡಿದಳು. ಅಕ್ಕನಿಗೆ ಸಮಾಧಾನವಾಯಿತೆಂದು ನನಗನಿಸಲಿಲ್ಲ. ಇಡೀ ಜೀವಮಾನ ಇದನ್ನು ಹೊತ್ತುಕೊಂಡು ನನ್ನ ಜೊತೆ ಊಟ ಮಾಡಿದ್ದಾಳಲ್ಲ ಎಂದು ನನಗೆ ಸಂಕಟವಾಯಿತು.

ಇಳಿಯುವಾಗ ಅರ್ಧ ಘಾಟಿಯಲ್ಲಿ ಸಾಲು ನಿಂತಿತು. ಕೆಳಗೆ ತಿರುವಿನಲ್ಲಿ ಮರ ತುಂಬಿದ ಲಾರಿಯೊಂದು ಅಡ್ಡ ನಿಂತಿತ್ತು. ಎಲ್ಲರೂ ಎಂಜಿನ್ ನಿಲ್ಲಿಸಿದರು, ವಸಂತ ನಿಲ್ಲಿಸಲಿಲ್ಲ. ಆದರೂ ಟ್ರೈಲರಿನ ಗೋಡೆಯಲ್ಲಿದ್ದ ಬ್ಯಾಟರಿಯ ಮೀಟರಿನಲ್ಲಿ ಅಂಕಿ ಇಳಿಯುತ್ತಲೇ ಇತ್ತು. ನಾನು ಇಳಿದುಹೋಗಿ ಜೀಪಿಗೆ ಟ್ರೈಲರ್ ಸಿಕ್ಕಿಸಿದ ಕೊಕ್ಕೆಯ ಬಳಿ ವಯರನ್ನು ಮುಟ್ಟಿ ನೋಡಿದೆ. ಚಹಾದ ಲೋಟದಂತೆ ಬಿಸಿಯಾಗಿತ್ತು. ಜೀಪು ಕೊಡುವ ಕರೆಂಟು ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ, ಬ್ಯಾಟರಿಗೆ ಮುಟ್ಟುವುದಕ್ಕಿಂತ ಯಂತ್ರ ಎಳೆಯುವುದೇ ಹೆಚ್ಚು ಎಂದು ಆಗ ಅರ್ಥವಾಯಿತು. ವಸಂತನಿಗೆ ಹೇಳಿದಾಗ ಅವನೂ ಇಳಿದುಬಂದು ಮುಟ್ಟಿ ನೋಡಿದ.

ನಮ್ಮ ಹಿಂದಿನ ಪಿಕಪ್ಪಿನಲ್ಲಿ ಅಶ್ರಫ್ ಎಂಬ ಬಾಳೆಕಾಯಿ ವ್ಯಾಪಾರಿ ಇದ್ದರು. ಅವರು ಬಂದು ಕೇಳಿದಾಗ ವಿಷಯ ಹೇಳಿದೆ. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. "ನೀವು ಹೆದರ್ಬೇಡಿ, ನಾನು ನಡೆದು ಕೆಳಗೆ ಹೋಗ್ತೇನೆ. ಸಿಗ್ನಲ್ ಸಿಕ್ಕಿದ ಕೂಡ್ಲೇ ಆಂಬುಲೆನ್ಸಿಗೆ ಹೇಳ್ತೇನೆ. ಸಂಪಾಜೆಯಲ್ಲಿ ನಿಲ್ಲಿಸಿರ್ತೇನೆ" ಎಂದು ಪಿಕಪ್ಪನ್ನು ಡ್ರೈವರಿಗೆ ಬಿಟ್ಟು ಮುಂಡು ಎತ್ತಿ ಕಟ್ಟಿಕೊಂಡು ಹೊರಟೇಬಿಟ್ಟರು. ಘಾಟಿಯ ಬುಡದ ಸಂಪಾಜೆಯವರೆಗೆ ಅಕ್ಕನ ಉಸಿರು ಉಳಿಯಬೇಕಿತ್ತು, ಅಷ್ಟೇ.

ಮಬ್ಬುಗತ್ತಲಾಗುವಾಗ ಸಾಲು ಮೆಲ್ಲಗೆ ಸರಿಯತೊಡಗಿತು. ಎರಡು ತಿರುವು ಇಳಿದಿರಬೇಕು, ಇನ್ವರ್ಟರ್ ಉದ್ದಕ್ಕೆ ಕೂಗಿ ನಿಂತಿತು. ಮೀಟರ್ ಆರಿತು. ಯಂತ್ರದ ಹಸಿರು ದೀಪವೂ ಆರಿತು. ನಾನು ಅಕ್ಕನ ತಲೆಯನ್ನು ಎದೆಗೆ ಒರಗಿಸಿಕೊಂಡೆ. ಏನು ಮಾಡಬೇಕೆಂದು ತೋಚಲಿಲ್ಲ. ದೇವರನ್ನು ಕರೆಯುವ ಅಭ್ಯಾಸವೂ ನನಗಿರಲಿಲ್ಲ.

ಆಗ ಸದ್ದು ಕೇಳಿತು. ಯಂತ್ರದ ಸದ್ದಲ್ಲ. ಅದರ ಗುಂಯ್ಗುಡುವಿಕೆ ನನಗೆ ನಿದ್ದೆಯಲ್ಲೂ ಗೊತ್ತು. ಇದು ರಬ್ಬರನ್ನು ಅಮುಕಿ ಬಿಟ್ಟಂತೆ, ಮತ್ತೆ ಅಮುಕಿ ಬಿಟ್ಟಂತೆ. ಅಕ್ಕನ ಮೂಗಿನಿಂದ ಕೊಳವೆ ತೆಗೆದು ನನ್ನ ಮೇಲ್ದುಟಿಗೆ ಹಿಡಿದೆ. ತಣ್ಣಗಿನ ಗಾಳಿ ಬರುತ್ತಿತ್ತು. ಯಂತ್ರದಿಂದ ಗಾಳಿ ಒಂದೇ ಸಮನೆ ಹರಿದು ಬರುತ್ತದೆ. ಇದು ಬಂದು ನಿಲ್ಲುತ್ತಿತ್ತು, ಬಂದು ನಿಲ್ಲುತ್ತಿತ್ತು. ಬೇಗ ಕೊಳವೆಯನ್ನು ಅವಳ ಮೂಗಿಗೇ ಇಟ್ಟೆ.

ಮೊಬೈಲಿನ ಬೆಳಕು ಹಾಕಿ ನೋಡಿದೆ. ಒಳಗೆ ನಾವಿಬ್ಬರೇ. ಅವಳ ತುಟಿ ಕೆಂಪಗೇ ಇತ್ತು. ನನಗೆ ಹೆದರಿಕೆಯಾಯಿತು ಎಂದರೆ ಸುಳ್ಳಾದೀತು. ಆ ಸದ್ದು ನಿಲ್ಲದಿರಲಿ ಎಂಬ ಒಂದೇ ಯೋಚನೆ ಇತ್ತು. ನಡುವೆ ಒಮ್ಮೆ ಅದು ನಿಧಾನವಾಯಿತು, ಕೈಸೋತವರು ಮಾಡುವ ಹಾಗೆ. "ಇನ್ನು ಸ್ವಲ್ಪ" ಎಂದೆ, ಯಾರಿಗೆಂದು ಗೊತ್ತಿಲ್ಲದೆ. ಮತ್ತೆ ಮೊದಲಿನಂತೆ ಬಂತು.

ಸಂಪಾಜೆಯಲ್ಲಿ ಅಶ್ರಫ್ ರಸ್ತೆಬದಿಯಲ್ಲಿ ಟಾರ್ಚ್ ಬೀಸುತ್ತಾ ನಿಂತಿದ್ದರು, ಪಕ್ಕದಲ್ಲಿ ಆಂಬುಲೆನ್ಸ್. ಜೀಪು ನಿಂತಿತು. ಆ ಸದ್ದು ನಿಲ್ಲಲಿಲ್ಲ. ಆಂಬುಲೆನ್ಸಿನವನು ಒಳಗೆ ಬಂದು ಅಕ್ಕನ ಮುಖಕ್ಕೆ ಮಾಸ್ಕ್ ಕಟ್ಟಿ ಸಿಲಿಂಡರ್ ತಿರುಗಿಸುವವರೆಗೂ ಇತ್ತು. ಆಮೇಲೆ ಇರಲಿಲ್ಲ. ಅವನು ಅವಳ ಬೆರಳಿಗೆ ಕ್ಲಿಪ್ ಹಾಕಿ ನೋಡಿ, "ಇವರು ಸರಿ ಇದ್ದಾರಲ್ಲ, ಎಂತ ಕರೆಂಟಿಲ್ಲ ಅಂತ ಹೇಳಿದ್ದು?" ಎಂದು ಅಶ್ರಫರನ್ನು ಕೇಳಿದ. ಅವರು ನನ್ನ ಮುಖ ನೋಡಿದರು.

ಜೀಪಿನ ಹಿಂದೆ ಬಗ್ಗಿ ನೋಡಿದ ವಸಂತ ನನ್ನನ್ನು ಕರೆದ. ಚಪ್ಪರದ ವಯರು ಕರಗಿ ತುಂಡಾಗಿ ಜೋತಾಡುತ್ತಿತ್ತು. ಟ್ರೈಲರಿನ ಬ್ಯಾಟರಿಯಲ್ಲಿ ಒಂದು ಬಲ್ಬು ಉರಿಯುವಷ್ಟೂ ಉಳಿದಿರಲಿಲ್ಲ.

ಸತ್ತ ಬ್ಯಾಟರಿ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕೊಡುವುದುಂಟು. ಗಾಬರಿಯಲ್ಲಿ ಕಿವಿ ಇಲ್ಲದ್ದನ್ನು ಕೇಳುವುದೂ ಉಂಟು. ಅಕ್ಕ ಅಷ್ಟು ಹೊತ್ತು ಆಕ್ಸಿಜನ್ ಇಲ್ಲದೆಯೇ ತಡೆದುಕೊಂಡಿರಬಹುದು. ಈ ಮೂರನ್ನೂ ನಾನೇ ನನಗೆ ಹೇಳಿಕೊಂಡಿದ್ದೇನೆ. ಆದರೆ ನನ್ನ ಮೇಲ್ದುಟಿಗೆ ತಗಲಿದ ಆ ಗಾಳಿಗೆ ಇವು ಯಾವುದೂ ಉತ್ತರವಾಗಲಿಲ್ಲ.

ಆ ಸದ್ದಿನ ವಿಷಯ ನಾನು ಅಕ್ಕನಿಗೆ ಹೇಳಲೇ ಇಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಆಂಬುಲೆನ್ಸಿಗೆ ಏರಿಸುವಾಗ ಅವಳು ಕಣ್ಣು ತೆರೆದು, ಇದು ಯಾವ ಊರೆಂದು ಕೇಳಿದ್ದಳು. ಸಂಪಾಜೆ ಎಂದೆ. ಮಾಸ್ಕನ್ನು ಕೈಯಿಂದ ಸ್ವಲ್ಪ ಸರಿಸಿದಳು.

"ನಾನಾದ್ರೆ ಇಲ್ಲಿ ನಿಲ್ಲಿಸಿಬಿಟ್ಟೆ," ಎಂದಳು. "ಅವ ನಿಲ್ಲಿಸ್ಲಿಲ್ಲ ನೋಡು."